ಇ-ಸಿಗರೇಟ್ ಮಾರಾಟಕ್ಕೆ ಪರವಾನಗಿ: ಅಂಗಡಿದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಬೀಡಾ ಅಂಗಡಿ, ಕಾಂಡಿಮೆಂಟ್ಸ್, ಮೊಬೈಲ್ ಬಿಡಿಭಾಗಗಳ ಮಳಿಗೆ, ಗಿಫ್ಟ್ ಸೆಂಟರ್ ನಡೆಸುವವರು ಇ-ಸಿಗರೇಟ್ ಅಥವಾ ವೇಪ್ ಎಂಬ ಸಾಧನದ ಬಗ್ಗೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಈ ವ್ಯಾಪಾರದಲ್ಲಿ ಲಾಭದ ದೊಡ್ಡ ಪಾಲು ಮಾಲು ತಂದುಕೊಡುವವನ ಕೈಸೇರುತ್ತದೆ. ಕೇಸು ಬೀಳುವುದು ಮಾತ್ರ ಗಲ್ಲಾದ ಮೇಲೆ ಕುಳಿತವರ ಮೇಲೆ. ಆದ್ದರಿಂದ ಕಾನೂನು ಏನು ಹೇಳುತ್ತದೆ ಎಂಬುದು ಚಿಕ್ಕ ಅಂಗಡಿಯವರಿಗೆ ಅವರದೇ ಭಾಷೆಯಲ್ಲಿ ಸ್ಪಷ್ಟವಾಗಿ ತಿಳಿದಿರಬೇಕು.

ಇ-ಸಿಗರೇಟ್ ಮಾರಲು ಪರವಾನಗಿಯನ್ನು ಯಾವ ಕಚೇರಿಯಲ್ಲಿ ಪಡೆಯಬೇಕು?

ಯಾವ ಕಚೇರಿಯಲ್ಲಿಯೂ ಸಿಗುವುದಿಲ್ಲ. ಭಾರತದಲ್ಲಿ ಇ-ಸಿಗರೇಟ್ ಮಾರಾಟಕ್ಕೆ ಪರವಾನಗಿ ಎಂಬುದೇ ಇಲ್ಲ. ಪಾಲಿಕೆ, ಪುರಸಭೆ, ಗ್ರಾಮ ಪಂಚಾಯಿತಿ, ಆರೋಗ್ಯ ಇಲಾಖೆ, ಔಷಧ ನಿಯಂತ್ರಣ ಇಲಾಖೆ ಇವುಗಳಲ್ಲಿ ಯಾವುದಕ್ಕೂ ಅಂಥ ಅನುಮತಿ ನೀಡುವ ಅಧಿಕಾರವಿಲ್ಲ. ಶುಲ್ಕ ಕಟ್ಟಿ, ಷರತ್ತು ಪಾಲಿಸಿ ನಡೆಸಬಹುದಾದ ನಿಯಂತ್ರಿತ ವ್ಯಾಪಾರ ಇದಲ್ಲ, ಪೂರ್ಣವಾಗಿ ನಿಷೇಧಿಸಲಾದ ವ್ಯಾಪಾರ. "ಲೈಸೆನ್ಸ್ ಮಾಡಿಸಿಕೊಡುತ್ತೇನೆ" ಎಂದು ಯಾರಾದರೂ ಹಣ ಕೇಳಿದರೆ ಅದು ವಂಚನೆ ಎಂದೇ ತಿಳಿಯಿರಿ.

ಯಾವ ಕಾಯ್ದೆಯಡಿ ಈ ನಿಷೇಧ ಇದೆ? ಯಾವಾಗಿನಿಂದ ಜಾರಿಯಲ್ಲಿದೆ?

ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆಯ ಮೂಲಕ ಮೊದಲು ನಿಷೇಧ ತಂದಿತು. ಅದೇ ವರ್ಷದ ಚಳಿಗಾಲದ ಅಧಿವೇಶನದಲ್ಲಿ ಸಂಸತ್ತಿನ ಎರಡೂ ಸದನಗಳು ಮಸೂದೆಗೆ ಒಪ್ಪಿಗೆ ನೀಡಿದವು. ಡಿಸೆಂಬರ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, ಅದು 2019ರ 42ನೇ ಕಾಯ್ದೆಯಾಯಿತು. ಉತ್ಪಾದನೆ, ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ವಿತರಣೆ, ದಾಸ್ತಾನು, ಜಾಹೀರಾತು ಇವೆಲ್ಲವೂ ಕಾಯ್ದೆಯ ಹೆಸರಿನಲ್ಲೇ ಇವೆ. ಕಾಯ್ದೆ ಡಿಸೆಂಬರ್‌ನಲ್ಲಿ ಬಂದರೂ ಸೆಪ್ಟೆಂಬರ್ 18ರಿಂದಲೇ ಜಾರಿಗೆ ಬಂದಂತೆ ಪರಿಗಣಿಸಲಾಗಿದೆ, ಹಾಗಾಗಿ ನಡುವಿನ ಅವಧಿ ಖಾಲಿ ಉಳಿದಿಲ್ಲ.

ಕರ್ನಾಟಕದಲ್ಲಿ ಇದಕ್ಕೂ ಮೊದಲೇ ನಿಷೇಧ ಇತ್ತೇ?

ಇತ್ತು. ಕರ್ನಾಟಕ ಸರ್ಕಾರ 2016ರಲ್ಲೇ ಇ-ಸಿಗರೇಟ್ ಮಾರಾಟವನ್ನು ನಿಷೇಧಿಸಿತ್ತು. ಆದರೆ ಒಂದು ರಾಜ್ಯದಲ್ಲಿ ನಿಷೇಧ, ಪಕ್ಕದ ರಾಜ್ಯದಲ್ಲಿ ಮುಕ್ತ ಎಂಬ ಸ್ಥಿತಿಯಲ್ಲಿ ಅಂಥ ಆದೇಶ ಗಡಿಯಾಚೆಯಿಂದ ಬರುವ ಮಾಲನ್ನೂ ಆನ್‌ಲೈನ್ ಖರೀದಿಯನ್ನೂ ತಡೆಯಲಾರದು. 2019ರ ಕೇಂದ್ರ ಕಾಯ್ದೆ ಬಂದ ಮೇಲೆ ಇಡೀ ದೇಶಕ್ಕೆ ಒಂದೇ ನಿಯಮವಾಗಿದೆ. ಗೋವಾದಿಂದಲೋ ದೆಹಲಿಯಿಂದಲೋ ಬಿಲ್ ಸಹಿತ ತರಿಸಿದ್ದೇನೆ ಎಂಬ ಸಮಜಾಯಿಷಿಗೆ ಈಗ ಯಾವ ಬೆಲೆಯೂ ಇಲ್ಲ.

ಕಾಯ್ದೆಯ ಪ್ರಕಾರ ಇ-ಸಿಗರೇಟ್ ಎಂದರೆ ನಿಖರವಾಗಿ ಏನು?

ಯಾವುದಾದರೂ ಪದಾರ್ಥವನ್ನು ಬಿಸಿ ಮಾಡಿ, ಒಳಗೆಳೆದುಕೊಳ್ಳಲು ಬೇಕಾದ ಏರೋಸಾಲನ್ನು, ಅಂದರೆ ಆವಿಯಂಥ ಹೊಗೆಯನ್ನು ಉಂಟುಮಾಡುವ ವಿದ್ಯುನ್ಮಾನ ಸಾಧನವೇ ಇ-ಸಿಗರೇಟ್. ಪದಾರ್ಥದಲ್ಲಿ ನಿಕೋಟಿನ್ ಇರಲಿ ಬಿಡಲಿ, ರುಚಿ-ಸುವಾಸನೆ ಇರಲಿ ಬಿಡಲಿ, ವ್ಯಾಖ್ಯಾನ ಬದಲಾಗುವುದಿಲ್ಲ. ತಂಬಾಕನ್ನು ಸುಡದೆ ಬಿಸಿ ಮಾತ್ರ ಮಾಡುವ ಸಾಧನಗಳು, ಇ-ಹುಕ್ಕಾ ಮತ್ತು ಇಂಥ ಇತರ ಉಪಕರಣಗಳು, ಅವುಗಳ ಹೆಸರು, ಆಕಾರ, ಗಾತ್ರ ಏನೇ ಇದ್ದರೂ ಇದರೊಳಗೇ ಬರುತ್ತವೆ.

ಅಂಗಡಿಗೆ ಬರುವ ಮಾಲನ್ನು ಹತ್ತಿರದಿಂದ ನೋಡಿದವರಿಗೆ ವ್ಯಾಖ್ಯಾನ ಇಷ್ಟು ವಿಶಾಲವಾಗಿರುವುದರ ಕಾರಣ ತಿಳಿಯುತ್ತದೆ. ಒಂದು ಪೆನ್‌ಡ್ರೈವ್‌ನಂತಿರುತ್ತದೆ, ಇನ್ನೊಂದು ಹೈಲೈಟರ್ ಪೆನ್ನಿನಂತೆ, ಮತ್ತೊಂದು ಮಕ್ಕಳ ಹಣ್ಣಿನ ರಸದ ಪುಟ್ಟ ಡಬ್ಬಿಯಂತೆ. ಬುಡದಲ್ಲಿ ಮೊಬೈಲ್ ಚಾರ್ಜರ್ ಸಿಕ್ಕಿಸುವ ಕಿಂಡಿ, ತುದಿಯಲ್ಲಿ ಬಾಯಿಗಿಡುವ ಚಪ್ಪಟೆ ಕೊಳವೆ, ಪೆಟ್ಟಿಗೆಯ ಮೇಲೆ ಮಾವು, ಪುದೀನ, ಕಲ್ಲಂಗಡಿಯ ಚಿತ್ರ ಮತ್ತು ಇಷ್ಟು ಸಾವಿರ ಪಫ್ ಎಂಬ ಸಂಖ್ಯೆ. ಇದನ್ನು ಶಾಲಾ ಬ್ಯಾಗಿನಲ್ಲಿ ಕಂಡ ತಂದೆತಾಯಿಗಳು ಲೇಖನ ಸಾಮಗ್ರಿ ಎಂದುಕೊಂಡು ಸುಮ್ಮನಾಗುವ ಸಾಧ್ಯತೆಯೇ ಹೆಚ್ಚು. ನನ್ನ ಮಟ್ಟಿಗೆ ಈ ವಸ್ತುವಿನ ಅತ್ಯಂತ ಆಕ್ಷೇಪಾರ್ಹ ಗುಣ ಇದೇ.

"ನಿಕೋಟಿನ್ ಇಲ್ಲ", "ಗಿಡಮೂಲಿಕೆ" ಎಂದು ಬರೆದಿರುವ ವೇಪ್ ಮಾರಬಹುದಲ್ಲವೇ?

ಮಾರುವಂತಿಲ್ಲ. ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಎಂದು ಕಾಯ್ದೆಯೇ ಹೇಳಿರುವಾಗ ಪೆಟ್ಟಿಗೆಯ ಮೇಲಿನ ಬರಹ ರಕ್ಷಣೆ ಕೊಡುವುದಿಲ್ಲ. ತುಳಸಿ, ಪುದೀನ, ಲವಂಗದ ಹೆಸರಿನಲ್ಲಿ ಬರುವ ಸಾಧನವೂ ವಿದ್ಯುತ್ತಿನಿಂದ ಬಿಸಿಯಾಗಿ ಹೊಗೆಯಂಥದ್ದನ್ನು ಹೊರಹಾಕುತ್ತಿದ್ದರೆ ಅದು ಇ-ಸಿಗರೇಟೇ.

ಪೂರ್ತಿ ಸಾಧನ ಬೇಡ, ರೀಫಿಲ್, ಪಾಡ್ (ದ್ರವ ತುಂಬಿದ ಪುಟ್ಟ ಡಬ್ಬಿ), ಕಾಯಿಲ್ (ಬಿಸಿ ಮಾಡುವ ತಂತಿಯ ಸುರುಳಿ) ಮಾತ್ರ ಇಟ್ಟುಕೊಂಡರೆ?

ಅದೂ ನಿಷಿದ್ಧ. ಇಡೀ ಉತ್ಪನ್ನವಾಗಿಯಾಗಲಿ ಅದರ ಯಾವುದೇ ಭಾಗವಾಗಿಯಾಗಲಿ ಮಾರುವಂತಿಲ್ಲ ಎಂದು 4ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಬಿಡಿಭಾಗ ತರಿಸಿ ಅಂಗಡಿಯಲ್ಲೇ ಜೋಡಿಸಿಕೊಟ್ಟರೆ ಅದು ತಯಾರಿಕೆಯೂ ಆಗುತ್ತದೆ.

ನನ್ನ ಬಳಿ ಉದ್ದಿಮೆ ಪರವಾನಗಿ, ಜಿಎಸ್‌ಟಿ ನೋಂದಣಿ, ಎಫ್‌ಎಸ್‌ಎಸ್‌ಎಐ ನೋಂದಣಿ ಎಲ್ಲವೂ ಇದೆ. ಸಾಲದೇ?

ಇವು ಪ್ರತಿಯೊಂದೂ ಅದರದರ ಕೆಲಸಕ್ಕಷ್ಟೇ ಸಲ್ಲುತ್ತವೆ. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಆ ಜಾಗದಲ್ಲಿ ಕಾನೂನುಬದ್ಧ ವ್ಯಾಪಾರ ನಡೆಸಲು ಕೊಟ್ಟ ಅನುಮತಿ, ಜಿಎಸ್‌ಟಿ ತೆರಿಗೆಯ ಲೆಕ್ಕಕ್ಕೆ, ಎಫ್‌ಎಸ್‌ಎಸ್‌ಎಐ ಆಹಾರ ಪದಾರ್ಥಕ್ಕೆ. ನಿಷೇಧಿತ ವಸ್ತುವಿನ ಮಾರಾಟವನ್ನು ಇವು ಸಕ್ರಮಗೊಳಿಸಲಾರವು.

ಮಾಲು ತರುವವರು ಸಾಮಾನ್ಯವಾಗಿ ಇಲ್ಲೇ ಅಂಗಡಿಯವರ ದಾರಿ ತಪ್ಪಿಸುತ್ತಾರೆ. ಕಂಪನಿಯ ನೋಂದಣಿ ಪತ್ರದ ಜೆರಾಕ್ಸ್, ವಿದೇಶಿ ಪ್ರಯೋಗಾಲಯದ ಪ್ರಮಾಣಪತ್ರ, ಜಿಎಸ್‌ಟಿ ಸಂಖ್ಯೆ ಇರುವ ಬಿಲ್ ತೋರಿಸಿ "ಎಲ್ಲ ಕಾನೂನುಬದ್ಧ" ಎನ್ನುತ್ತಾರೆ. ಆಗ ಪೆಟ್ಟಿಗೆಯನ್ನು ಒಮ್ಮೆ ತಿರುಗಿಸಿ ನೋಡಿ. ಪೊಟ್ಟಣ ಸರಕುಗಳಿಗೆ ಸಂಬಂಧಿಸಿದ ಕಾನೂನು ಮಾಪನ ನಿಯಮಗಳ ಪ್ರಕಾರ, ಆಮದಾದ ಸರಕಿನ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಚಿಲ್ಲರೆ ಬೆಲೆ ಇರಬೇಕು. ಕಳ್ಳದಾರಿಯಲ್ಲಿ ಬಂದ ಪೆಟ್ಟಿಗೆಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಇದ್ದರೂ ಮಾರಾಟ ಸಕ್ರಮವಾಗುವುದಿಲ್ಲ ಎಂಬುದು ಬೇರೆ ಮಾತು. ಆದರೆ ತನ್ನ ಹೆಸರನ್ನೇ ಹಾಕಿಕೊಳ್ಳದವನು ನಾಳೆ ಕೇಸು ಬಿದ್ದಾಗ ಫೋನ್ ಎತ್ತುತ್ತಾನೆ ಎಂದು ನಂಬುವುದು ಹೇಗೆ?

ನಾನು ಹಣ ಪಡೆದಿಲ್ಲ, ಪ್ರದರ್ಶನಕ್ಕಷ್ಟೇ ಇಟ್ಟಿದ್ದೆ. ಅದೂ ಮಾರಾಟವೇ?

ಹೌದು. ಈ ಕಾಯ್ದೆಯಲ್ಲಿ ಮಾರಾಟ ಎಂಬ ಪದದ ವ್ಯಾಪ್ತಿ ದೊಡ್ಡದು. ನಗದಾಗಲಿ ಸಾಲವಾಗಲಿ ವಿನಿಮಯವಾಗಲಿ, ಸಗಟಾಗಲಿ ಚಿಲ್ಲರೆಯಾಗಲಿ, ಆನ್‌ಲೈನ್ ವರ್ಗಾವಣೆಯೇ ಆಗಲಿ, ಎಲ್ಲವೂ ಮಾರಾಟ. ಮಾರುವ ಒಪ್ಪಂದ, ಮಾರಲು ಮುಂದಾಗುವುದು, ಮಾರಾಟಕ್ಕೆಂದು ಕಾಣುವಂತೆ ಇಡುವುದು ಕೂಡ ಮಾರಾಟವೇ. ಉಚಿತ ಸ್ಯಾಂಪಲ್ ಕೊಡುವುದು ವಿತರಣೆ ಎನಿಸುತ್ತದೆ. "ಸ್ಟಾಕ್ ಬಂದಿದೆ" ಎಂದು ಚಿತ್ರ ಹಾಕಿದ ವಾಟ್ಸ್‌ಆ್ಯಪ್ ಸ್ಟೇಟಸ್ ಅಥವಾ ಇನ್‌ಸ್ಟಾಗ್ರಾಂ ಪೋಸ್ಟ್ ಜಾಹೀರಾತಿನ ವ್ಯಾಖ್ಯಾನದೊಳಗೆ ಬರುತ್ತದೆ, ಏಕೆಂದರೆ ಅಂತರಜಾಲ ಮತ್ತು ಸಾಮಾಜಿಕ ಜಾಲತಾಣಗಳನ್ನು ಕಾಯ್ದೆ ಹೆಸರಿಸಿಯೇ ಸೇರಿಸಿದೆ.

ಮಾಲು ನನ್ನದಲ್ಲ. ಪರಿಚಯದವರು ನಮ್ಮ ಗೋದಾಮಿನಲ್ಲಿ ಎರಡು ದಿನ ಇಡಲು ಕೇಳಿದ್ದರು. ನಾನೂ ಹೊಣೆಯೇ?

ಗೊತ್ತಿದ್ದೂ ಇಡಲು ಬಿಟ್ಟಿದ್ದರೆ ಹೊಣೆಯೇ. 5ನೇ ಸೆಕ್ಷನ್ ಜಾಗದ ಮಾಲೀಕ, ಬಾಡಿಗೆದಾರ, ಜಾಗವನ್ನು ನಿಯಂತ್ರಿಸುವವ ಅಥವಾ ಬಳಸುವವ ಎಲ್ಲರಿಗೂ ಅನ್ವಯಿಸುತ್ತದೆ. ಮಳಿಗೆ ಬಾಡಿಗೆಗೆ ಕೊಟ್ಟ ಕಟ್ಟಡದ ಮಾಲೀಕರೂ ಇದನ್ನು ಗಮನಿಸಬೇಕು. ಒಳಗೆ ಏನು ದಾಸ್ತಾನಾಗುತ್ತಿದೆ ಎಂದು ತಿಳಿದ ಮೇಲೂ ಸುಮ್ಮನಿದ್ದರೆ ಅವರೂ ಸಿಲುಕಿಕೊಳ್ಳಬಹುದು.

ಶಿಕ್ಷೆ ಎಷ್ಟು?

ಮಾರಾಟ, ಸಾಗಣೆ, ವಿತರಣೆ, ಜಾಹೀರಾತು ಮುಂತಾದವುಗಳಿಗೆ ಮೊದಲ ಬಾರಿ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅದೇ ತಪ್ಪನ್ನು ಮತ್ತೆ ಮಾಡಿದರೆ 3 ವರ್ಷದವರೆಗೆ ಜೈಲು ಮತ್ತು 5 ಲಕ್ಷ ರೂಪಾಯಿವರೆಗೆ ದಂಡ. ಎರಡನೇ ಬಾರಿಗೆ "ಅಥವಾ" ಎಂಬ ಪದವಿಲ್ಲ ಎಂಬುದನ್ನು ಗಮನಿಸಿ. ದಾಸ್ತಾನಿಗೆ 6 ತಿಂಗಳವರೆಗೆ ಜೈಲು ಅಥವಾ 50 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ.

ಸ್ಥಳದಲ್ಲೇ ರಸೀದಿ ಹರಿದು ಮುಗಿಸುವ ದಂಡ ಇದಲ್ಲ. ಮಾರಾಟದ ಅಪರಾಧ ಸಂಜ್ಞೇಯವಾದ್ದರಿಂದ ಪೊಲೀಸರು ನೇರವಾಗಿ ಎಫ್‌ಐಆರ್ ದಾಖಲಿಸಬಹುದು. ಪ್ರಕರಣ ನ್ಯಾಯಾಲಯಕ್ಕೆ ಹೋಗುತ್ತದೆ. ದಂಡದ ಮೊತ್ತಕ್ಕಿಂತ ವಿಚಾರಣೆಯ ದಿನಗಳಂದು ಅಂಗಡಿ ಮುಚ್ಚಿ ಓಡಾಡುವುದೇ ಚಿಕ್ಕ ವ್ಯಾಪಾರಿಯನ್ನು ಹೆಚ್ಚು ಸವೆಸುತ್ತದೆ.

ಅಂಗಡಿಯನ್ನು ಯಾರು ತಪಾಸಣೆ ಮಾಡಬಹುದು? ವಾರಂಟ್ ಬೇಡವೇ?

ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆ ಇಲ್ಲದ ಪೊಲೀಸ್ ಅಧಿಕಾರಿ ಅಥವಾ ಅದಕ್ಕೆ ಸಮಾನ ದರ್ಜೆಯವರಾಗಿದ್ದು ಸರ್ಕಾರ ಅಧಿಕಾರ ನೀಡಿದ ಬೇರೆ ಅಧಿಕಾರಿ, ಈ ಕಾಯ್ದೆ ಉಲ್ಲಂಘನೆಯಾಗಿದೆ ಎಂದು ನಂಬಲು ಕಾರಣವಿದ್ದರೆ ವಾರಂಟ್ ಇಲ್ಲದೆಯೂ ಒಳಬಂದು ಶೋಧ ನಡೆಸಬಹುದು. ಮಾಲು, ದಾಖಲೆ, ಕಚ್ಚಾವಸ್ತುಗಳನ್ನು ಜಪ್ತಿ ಮಾಡಬಹುದು. ಜಪ್ತಿ ಮಾಡಲು ಆಗದಂಥ ಸ್ವತ್ತನ್ನು ಲಿಖಿತ ಆದೇಶದ ಮೂಲಕ ಮುಟ್ಟುಗೋಲು ಹಾಕಿಕೊಳ್ಳಬಹುದು.

ಶೋಧದ ವೇಳೆ ಅಧಿಕಾರಿಯ ಗುರುತಿನ ಚೀಟಿ ನೋಡಲು ಕೇಳಿ. ಮಹಜರಿನಲ್ಲಿ, ಅಂದರೆ ಸ್ಥಳದಲ್ಲಿ ಸಿಕ್ಕ ವಸ್ತುಗಳ ಲಿಖಿತ ದಾಖಲೆಯಲ್ಲಿ, ಬರೆದ ಸಂಖ್ಯೆ, ನಿಜವಾಗಿ ಸಿಕ್ಕ ಸಂಖ್ಯೆ ಒಂದೇ ಆಗಿದೆಯೇ ಎಂದು ನೋಡಿಯೇ ಸಹಿ ಹಾಕಿ, ಪ್ರತಿ ಕೇಳಿ ಪಡೆಯಿರಿ. ಓದು ಬಾರದಿದ್ದರೆ ನಂಬಿಕಸ್ಥರಿಂದ ಓದಿಸಿಕೊಳ್ಳಿ. ಯಾವ ದಾಖಲೆಯೂ ಇಲ್ಲದೆ "ಇಲ್ಲೇ ಮುಗಿಸೋಣ" ಎಂದು ಹಣ ಕೇಳಿದರೆ ಅದು ಲೋಕಾಯುಕ್ತಕ್ಕೆ ದೂರು ಕೊಡಬೇಕಾದ ವಿಷಯ.

ನಾನು ಊರಲ್ಲಿರಲಿಲ್ಲ, ಕೆಲಸದ ಹುಡುಗ ಮಾರಿದ. ನನ್ನ ಮೇಲೂ ಕೇಸು ಆಗುತ್ತದೆಯೇ?

ತನಿಖೆ ಮಾಲೀಕರವರೆಗೂ ಬರುತ್ತದೆ. ವ್ಯಾಪಾರ ಕಂಪನಿ ಅಥವಾ ಪಾಲುದಾರಿಕೆಯ ಹೆಸರಿನಲ್ಲಿದ್ದರೆ, ಆ ಹೊತ್ತಿಗೆ ವ್ಯವಹಾರದ ಹೊಣೆ ಹೊತ್ತಿದ್ದವರನ್ನೂ ಕಾಯ್ದೆ ಅಪರಾಧಿಗಳೆಂದು ಪರಿಗಣಿಸುತ್ತದೆ. ತಮಗೆ ತಿಳಿಯದೆ ನಡೆಯಿತು, ತಡೆಯಲು ಸಾಕಷ್ಟು ಎಚ್ಚರ ವಹಿಸಿದ್ದೆವು ಎಂದು ಸಾಬೀತುಪಡಿಸುವ ಭಾರ ಅವರದೇ. ಆದ್ದರಿಂದ ಇಂಥ ಮಾಲು ಇಡಬಾರದು, ಮಾರಬಾರದು ಎಂಬ ಸೂಚನೆಯನ್ನು ಬರೆದು ಕೆಲಸದವರ ಸಹಿ ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಹಳೆಯ ದಾಸ್ತಾನು ಉಳಿದಿದೆ. ಏನು ಮಾಡಲಿ?

ಕಾಯ್ದೆ ಜಾರಿಗೆ ಬಂದಾಗ ಇದ್ದ ದಾಸ್ತಾನಿನ ಪಟ್ಟಿ ಮಾಡಿ, ತಡಮಾಡದೆ ಹತ್ತಿರದ ಅಧಿಕೃತ ಅಧಿಕಾರಿಯ ಕಚೇರಿಗೆ, ಅಂದರೆ ಸಾಮಾನ್ಯವಾಗಿ ಪೊಲೀಸ್ ಠಾಣೆಗೆ, ಒಪ್ಪಿಸಬೇಕೆಂದು 5ನೇ ಸೆಕ್ಷನ್ ಹೇಳಿತ್ತು. ಇಷ್ಟು ವರ್ಷಗಳ ನಂತರವೂ ಅಟ್ಟದಲ್ಲಿ ಪೆಟ್ಟಿಗೆ ಸಿಕ್ಕರೆ ಅರ್ಧ ಬೆಲೆಗೆ ಬೇರೆಯವರಿಗೆ ದಾಟಿಸುವುದು ಹೊಸ ಅಪರಾಧ. ವಕೀಲರೊಬ್ಬರನ್ನು ಕಂಡು, ಪಟ್ಟಿ ಸಮೇತ ಒಪ್ಪಿಸಿ ಸ್ವೀಕೃತಿ ಪಡೆಯುವುದೇ ಸರಿಯಾದ ದಾರಿ.

ಪಾರ್ಸೆಲ್ ತಲುಪಿಸುವ ಹುಡುಗರಿಗೂ ಇದು ಅನ್ವಯಿಸುತ್ತದೆಯೇ?

ಸಾಗಣೆಯೂ ನಿಷೇಧದ ಪಟ್ಟಿಯಲ್ಲಿದೆ. ಕೊರಿಯರ್ ಫ್ರಾಂಚೈಸಿ ನಡೆಸುವವರು ಕಳುಹಿಸುವವರ ಗುರುತು ಮತ್ತು ವಸ್ತುವಿನ ವಿವರ ಪಡೆಯದೆ ಪಾರ್ಸೆಲ್ ತೆಗೆದುಕೊಳ್ಳುವುದು ಅಪಾಯ. ಜಾಲತಾಣಗಳ ಮೂಲಕ ಮಾರುವವರೂ ಇದೇ ಕಾಯ್ದೆಗೆ ಒಳಪಟ್ಟವರು. 2023ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇ-ಸಿಗರೇಟ್ ಮಾರುತ್ತಿದ್ದ ಹಲವು ಜಾಲತಾಣಗಳಿಗೆ ನೋಟಿಸ್ ನೀಡಿತ್ತು. ಆನ್‌ಲೈನ್‌ನಲ್ಲಿ ಇನ್ನೂ ಕಾಣುತ್ತದೆ ಎಂಬ ಕಾರಣಕ್ಕೆ ಅದು ಕಾನೂನುಬದ್ಧ ಎಂದು ಭಾವಿಸಬೇಡಿ.

ದುಬೈನಿಂದ ಬರುವ ಸಂಬಂಧಿಕರು ಒಂದೆರಡು ತಂದುಕೊಟ್ಟರೆ? ಸ್ವಂತ ಬಳಕೆಗೆ ಇಟ್ಟುಕೊಂಡರೆ?

ಆಮದು ನಿಷಿದ್ಧವಾದ್ದರಿಂದ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಗಳು ಜಪ್ತಿ ಮಾಡಬಹುದು. ಮಂಗಳೂರು, ಉಡುಪಿ, ಭಟ್ಕಳದ ಕಡೆ ಕೊಲ್ಲಿ ರಾಷ್ಟ್ರಗಳ ಒಡನಾಟ ಹೆಚ್ಚಿರುವುದರಿಂದ ಈ ಪ್ರಶ್ನೆ ಸಹಜ. ಅಲ್ಲಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ ವಸ್ತು ಇಲ್ಲಿ ಇಳಿದ ಕೂಡಲೇ ನಿಷೇಧಿತ ಸರಕಾಗುತ್ತದೆ ಎಂಬುದನ್ನು ಬರುವವರಿಗೆ ಮೊದಲೇ ತಿಳಿಸಿ. ಸೇದುವುದಕ್ಕೆಂದೇ ಪ್ರತ್ಯೇಕ ಶಿಕ್ಷೆಯನ್ನು ಕಾಯ್ದೆ ನಿಗದಿಪಡಿಸಿಲ್ಲ. ಆದರೆ ಯಾವುದೇ ರೂಪದಲ್ಲಿ, ಯಾವುದೇ ಪ್ರಮಾಣದಲ್ಲಿ ಇಟ್ಟುಕೊಳ್ಳುವುದು ಕಾಯ್ದೆಯ ಉಲ್ಲಂಘನೆ ಎಂಬುದು ಕೇಂದ್ರ ಆರೋಗ್ಯ ಸಚಿವಾಲಯದ ನಿಲುವು. ಅಂಗಡಿಯೊಳಗೆ ಸಿಕ್ಕ ಸಾಧನ ಸ್ವಂತದ್ದು ಎಂದು ನಂಬಿಸುವುದು ಎಷ್ಟು ಕಷ್ಟ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ನಿಕೋಟಿನ್ ಗಮ್, ನೆಬ್ಯುಲೈಸರ್ ಮಾರುವುದೂ ತಪ್ಪೇ?

ಅಲ್ಲ. 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯಡಿ ಪರವಾನಗಿ ಪಡೆದ ಉತ್ಪನ್ನಗಳನ್ನು ಈ ನಿಷೇಧದಿಂದ ಹೊರಗಿಡಲಾಗಿದೆ. ಅವುಗಳಿಗೆ ಔಷಧ ಕಾನೂನಿನ ನಿಯಮಗಳು ಅನ್ವಯಿಸುತ್ತವೆ.

ಹಾಗಾದರೆ ಸಾಮಾನ್ಯ ಸಿಗರೇಟ್, ಬೀಡಿ ಮಾರಲು ಕರ್ನಾಟಕದಲ್ಲಿ ಯಾವ ನಿಯಮಗಳಿವೆ?

ಇಲ್ಲಿ ನಿಷೇಧವಿಲ್ಲ, ನಿಯಂತ್ರಣವಿದೆ. 2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಗೆ, ಅಂದರೆ ಎಲ್ಲರೂ ಕೋಟ್ಪಾ ಎಂದು ಕರೆಯುವ ಕಾಯ್ದೆಗೆ, ಕರ್ನಾಟಕ ತಂದ ತಿದ್ದುಪಡಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು 2025ರ ಮೇ ಕೊನೆಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಗಿದೆ. ಅದರಂತೆ ತಂಬಾಕು ಉತ್ಪನ್ನ ಕೊಳ್ಳುವವರ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿದೆ. ಶಿಕ್ಷಣ ಸಂಸ್ಥೆಯಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಪ್ಯಾಕ್ ಒಡೆದು ಒಂದೊಂದಾಗಿ ಸಿಗರೇಟ್ ಮಾರುವಂತಿಲ್ಲ. ದಂಡ 200 ರೂಪಾಯಿಯಿಂದ 1,000 ರೂಪಾಯಿಗೆ ಏರಿದೆ. ಹುಕ್ಕಾ ಬಾರ್ ನಡೆಸಿದರೆ ಒಂದರಿಂದ ಮೂರು ವರ್ಷ ಜೈಲು ಮತ್ತು 50 ಸಾವಿರದಿಂದ 1 ಲಕ್ಷ ರೂಪಾಯಿ ದಂಡ.

ಬಿಡಿ ಸಿಗರೇಟಿನ ನಿಯಮ ಅಂಗಡಿಯವರಿಗೆ ಅತ್ಯಂತ ಕಷ್ಟದ್ದು ಎಂಬುದನ್ನು ಒಪ್ಪಬೇಕು, ಏಕೆಂದರೆ ಚಹಾದ ಜೊತೆ ಒಂದು ಸಿಗರೇಟ್ ಕೇಳುವ ಗಿರಾಕಿಯೇ ಅವರ ದಿನದ ವ್ಯಾಪಾರ. ಆದರೂ ಎಚ್ಚರಿಕೆಯ ಚಿತ್ರವಿರುವ ಪ್ಯಾಕನ್ನೇ ಕಾಣದೆ, ಕೈಗೆಟುಕುವ ಚಿಲ್ಲರೆಗೆ ಹುಡುಗರಿಗೆ ಸಿಗುತ್ತಿದ್ದುದೂ ಈ ಬಿಡಿ ಸಿಗರೇಟೇ. ಗಿರಾಕಿಯ ವಯಸ್ಸಿನ ಬಗ್ಗೆ ಸಂದೇಹವಿದ್ದರೆ ಗುರುತಿನ ಚೀಟಿ ಕೇಳಿ. ಇನ್ನೂ 18 ತುಂಬದವರಿಗೆ ತಂಬಾಕು ಕೊಟ್ಟರೆ 2015ರ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಏಳು ವರ್ಷದವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡವಿದೆ ಎಂಬುದು ಬಹಳ ಅಂಗಡಿಯವರಿಗೆ ತಿಳಿದೇ ಇಲ್ಲ.

ತಂಬಾಕು ಮಾರಾಟಕ್ಕೆ ಪ್ರತ್ಯೇಕ ಪರವಾನಗಿ ಕೊಡುವ ವ್ಯವಸ್ಥೆಯನ್ನು ಸ್ಥಳೀಯ ಸಂಸ್ಥೆಗಳ ಮೂಲಕ ತರಬೇಕು, ಅಂಥ ಅಂಗಡಿಗಳಲ್ಲಿ ಮಕ್ಕಳನ್ನು ಸೆಳೆಯುವ ಚಿಪ್ಸ್, ಬಿಸ್ಕತ್ತು, ಚಾಕೊಲೇಟ್ ಇಡಬಾರದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ರಾಜ್ಯಗಳಿಗೆ ಬರೆದಿತ್ತು. ಕೆಲವು ರಾಜ್ಯಗಳು, ನಗರಗಳು ಅದನ್ನು ಜಾರಿಗೊಳಿಸಿವೆ. ಹಿಮಾಚಲ ಪ್ರದೇಶ 2016ರಲ್ಲೇ ಪ್ರತ್ಯೇಕ ಕಾಯ್ದೆ ಮಾಡಿದೆ. ನಿಮ್ಮ ಊರಿನಲ್ಲಿ ಏನಿದೆ ಎಂಬುದನ್ನು ಪಾಲಿಕೆ ಅಥವಾ ಪುರಸಭೆಯ ಆರೋಗ್ಯ ವಿಭಾಗದಲ್ಲೋ ಜಿಲ್ಲಾ ತಂಬಾಕು ನಿಯಂತ್ರಣ ಕೋಶದಲ್ಲೋ ಕೇಳಿ. ಆದರೆ ಅಂಥ ಪರವಾನಗಿ ಸಿಕ್ಕರೂ ಅದು ಇ-ಸಿಗರೇಟಿಗೆ ಅನ್ವಯಿಸುವುದಿಲ್ಲ.

ಸುಡುವ ಸಿಗರೇಟಿಗೆ ಅವಕಾಶ, ವೇಪ್‌ಗೆ ನಿಷೇಧ. ಇದು ನ್ಯಾಯವೇ? ಪರವಾನಗಿ ಕೊಟ್ಟು ನಿಯಂತ್ರಿಸಬಹುದಿತ್ತಲ್ಲ?

ಪ್ರಶ್ನೆಯಲ್ಲಿ ಹುರುಳಿದೆ. ಬೀಡಿ-ಸಿಗರೇಟ್ ನಮ್ಮಲ್ಲಿ ತಲೆಮಾರುಗಳಿಂದ ಬೇರುಬಿಟ್ಟಿರುವ ವಸ್ತು. ಲಕ್ಷಾಂತರ ಜನರ ಜೀವನೋಪಾಯ ಅದಕ್ಕೆ ಅಂಟಿಕೊಂಡಿದೆ, ಮೈಸೂರು-ಹುಣಸೂರು ಸೀಮೆಯ ಹೊಗೆಸೊಪ್ಪು ಬೆಳೆಗಾರರೂ ಅದರಲ್ಲಿ ಸೇರಿದ್ದಾರೆ. ಅದನ್ನು ಒಮ್ಮೆಲೇ ನಿಲ್ಲಿಸುವುದು ಯಾವ ಸರ್ಕಾರಕ್ಕೂ ಸುಲಭವಲ್ಲ. ವೇಪ್ ಆಗಷ್ಟೇ ಕಾಲಿಡುತ್ತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರ ಮೇ ತಿಂಗಳಲ್ಲಿ ಪ್ರಕಟಿಸಿದ ಶ್ವೇತಪತ್ರದಲ್ಲಿ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತ್ತು. ಧೂಮಪಾನಿಗಳಲ್ಲದ ಹರೆಯದವರನ್ನು ಈ ಸಾಧನ ನಿಕೋಟಿನ್ ಚಟಕ್ಕೆ ಎಳೆಯುತ್ತದೆ ಎಂಬುದು ಅದರ ಮುಖ್ಯ ಆತಂಕಗಳಲ್ಲೊಂದು. ಸಿಗರೇಟ್ ಬಿಡಲು ವೇಪ್ ನೆರವಾಗುತ್ತದೆ ಎಂಬ ವಾದವನ್ನು ಕೆಲವು ದೇಶಗಳು ಒಪ್ಪಿವೆ. ಆದರೆ 21ರ ಮಿತಿಯನ್ನು ಸಿಗರೇಟಿಗೇ ಸರಿಯಾಗಿ ಜಾರಿ ಮಾಡಲು ಹೆಣಗುತ್ತಿರುವ ನಮ್ಮ ಸಂತೆ-ಬೀದಿಗಳಲ್ಲಿ, ಹಣ್ಣಿನ ರುಚಿಯ ಸಾಧನವನ್ನು ಪರವಾನಗಿಯ ಬಲದಿಂದ ವಯಸ್ಕರಿಗೆ ಮಾತ್ರ ಸಿಗುವಂತೆ ಮಾಡಬಹುದಿತ್ತು ಎಂದು ನನಗೆ ಅನಿಸುವುದಿಲ್ಲ.

ವಿದೇಶದಲ್ಲಿ ಅಂಗಡಿ ನಡೆಸುವ ಕನ್ನಡಿಗರಿಗೆ?

ಆಯಾ ದೇಶದ ನಿಯಮವೇ ಅನ್ವಯಿಸುತ್ತದೆ, ಮತ್ತು ಅವು ಬೇಗ ಬೇಗ ಬದಲಾಗುತ್ತಿವೆ. ಬ್ರಿಟನ್‌ನಲ್ಲಿ ಒಮ್ಮೆ ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನು 2025ರ ಜೂನ್ 1ರಿಂದ ನಿಷೇಧಿಸಲಾಗಿದೆ. ಸ್ಕಾಟ್ಲೆಂಡಿನಲ್ಲಿ ಮಾರಾಟಗಾರರು ಸರ್ಕಾರಿ ನೋಂದಣಿ ಪಟ್ಟಿಯಲ್ಲಿರಬೇಕು. ಅಮೆರಿಕದಲ್ಲಿ ಕನಿಷ್ಠ ವಯಸ್ಸು 21. ಅಲ್ಲಿ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಯ ಅನುಮತಿ ಇರುವ ಉತ್ಪನ್ನಗಳನ್ನಷ್ಟೇ ಮಾರಬಹುದು, ಅನೇಕ ರಾಜ್ಯಗಳಲ್ಲಿ ಬೇರೆ ಪರವಾನಗಿಯೂ ಬೇಕು. ಆಸ್ಟ್ರೇಲಿಯಾದಲ್ಲಿ 2024ರ ಜುಲೈನಿಂದ ಔಷಧಾಲಯಗಳಿಗೆ ಮಾತ್ರ ಅವಕಾಶ. ಸಿಂಗಪುರದಲ್ಲಿ ಮಾರುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಅಪರಾಧ.

ಪಕ್ಕದ ಅಂಗಡಿಯಲ್ಲಿ, ಅದೂ ಕಾಲೇಜಿನ ಎದುರಿಗೇ, ಮಾರುತ್ತಿದ್ದಾರೆ. ಯಾರಿಗೆ ತಿಳಿಸಬೇಕು?

ಹತ್ತಿರದ ಪೊಲೀಸ್ ಠಾಣೆಗೆ ಅಥವಾ ಜಿಲ್ಲಾ ತಂಬಾಕು ನಿಯಂತ್ರಣ ಕೋಶಕ್ಕೆ ತಿಳಿಸಬಹುದು. ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ತೆರೆದ ಆನ್‌ಲೈನ್ ಪೋರ್ಟಲ್‌ನಲ್ಲಿಯೂ ದೂರು ದಾಖಲಿಸಬಹುದು. ಅಂಗಡಿಯ ಗುರುತು, ಮಾರುವ ಹೊತ್ತು, ಸಾಧ್ಯವಿದ್ದರೆ ಪೆಟ್ಟಿಗೆಯ ಚಿತ್ರ ಇದ್ದರೆ ದೂರಿಗೆ ಬಲ ಬರುತ್ತದೆ. ಕೊಂಡ ಹುಡುಗನ ಚಿತ್ರ ತೆಗೆದು ಹಂಚುವುದು ಮಾತ್ರ ಬೇಡ. ಅವನಿಗೆ ಬೇಕಿರುವುದು ಸಹಾಯ. ತಂಬಾಕು, ನಿಕೋಟಿನ್ ಬಿಡಲು ಬಯಸುವವರಿಗೆ 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ, ಬೆಂಗಳೂರಿನ ನಿಮ್ಹಾನ್ಸ್ ದಕ್ಷಿಣ ಭಾರತದ ಕರೆಗಳಿಗೆ ಕೇಂದ್ರವಾಗಿದೆ. ಈ ಸಂಖ್ಯೆ ಸಿಗರೇಟ್ ಪ್ಯಾಕಿನ ಮೇಲೂ ಅಚ್ಚಾಗಿರುತ್ತದೆ, ವೇಪ್ ಕೇಳಿಕೊಂಡು ಬಂದ ಗಿರಾಕಿಗೆ ಅದನ್ನು ತೋರಿಸಬಹುದು.